ಕೆನಾಲಿನ ಊರಾಗ ಕೆನಲ್

ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗುವ ಬಸ್ಸು. ಕಿಟಕಿ ಪಕ್ಕ ನಿವೃತ್ತ ಇಂಗ್ಲಿಷ್ ಮಾಸ್ತರು. ಅವರ ಬದಿಗೆ ಅಕ್ಕನ ಮಗಳು, ಪಶುವೈದ್ಯೆ.

ಸೊಸಿ: ಮಾವ, ನಿಮ್ಮನ್ನ ಒಂದು ಮಾತು ಕೇಳೂದಿತ್ತು. ಸಿಂಧನೂರು ಹತ್ರ ಕ್ಯಾಂಪಿನಾಗ ಒಬ್ಬ ರೈತ ನಾಯಿ ಸಾಕಿ ಮರಿ ಮಾರೋ ಧಂದೆ ಶುರು ಮಾಡ್ಯಾನ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಎರಡು ಹಸ್ಕಿ ಅದಾವ. ಬೋರ್ಡ್ ಬರಸಬೇಕಂತ. 2024ರ ಕಾಯ್ದೆ ಬಂದ ಮ್ಯಾಲ ಬೋರ್ಡಿನಾಗ 60 ಪರ್ಸೆಂಟ್ ಕನ್ನಡ ಇರಬೇಕಲ್ರಿ. ಪೇಂಟರ್ ‘ಕೆನಲ್’ ಅಂತ ಬರದ. ಹಾದಿ ಮ್ಯಾಲ ಹೋಗೂವರು ಅದನ್ನ ‘ಕೆನಾಲ್’ ಅಂತ ಓದಿ, ನೀರಾವರಿ ಆಫೀಸೇನ್ರಿ ಇದು ಅಂತ ಕೇಳಾಕತ್ಯಾರ. ಕನ್ನಡದಾಗ ಏನು ಬರಸ್ಲಿ ಮೇಡಂ ಅಂದ. ನನಗ ಹೊಳೀಲಿಲ್ಲ.

ಮಾವ: ಹಂಗ ಓದಿದವರದು ತಪ್ಪಿಲ್ಲವ್ವಾ. ಸಿಂಧನೂರಿನಾಗ ಕೆನಾಲಿಗಿಂತ ದೊಡ್ಡ ಮಾತು ಯಾವುದೈತಿ? 1953ರಾಗ ತುಂಗಭದ್ರಾ ಡ್ಯಾಮಿನ್ಯಾಗ ನೀರು ನಿಂತ ಮ್ಯಾಲ, ಎಡದಂಡೆ ಕಾಲುವೆ 200 ಕಿಲೋಮೀಟರಿಗೂ ಮಿಗಿಲು ಹರದು, ಜ್ವಾಳ ಹತ್ತಿ ಬೆಳೀತಿದ್ದ ಎರಿ ಹೊಲಾನ ಭತ್ತದ ಗದ್ದಿ ಮಾಡಿಬಿಡ್ತು. ಈ ಊರಿನ ಹೊಟ್ಟಿ, ಜಗಳ, ಲಗ್ನ ಎಲ್ಲಾ ಕೆನಾಲಿನ ನೀರಿನ ಮ್ಯಾಲ. ಇನ್ನ ಶಬ್ದದ ಮಾತಿಗೆ ಬಂದ್ರ, ಇಂಗ್ಲಿಷಿನಾಗ ‘ಕೆನಲ್’ ಒಂದಲ್ಲ, ಎರಡು ಅದಾವ. ಒಂದು ನಾಯಿ ಇರೋ ಜಾಗ. ಇನ್ನೊಂದು ಓಣಿ ನಡುವ ಹರಿಯೋ ಗಟಾರ.

ಸೊಸಿ: ಗಟಾರಕ್ಕೂ ಕೆನಲ್ ಅಂತಾರೇನ್ರಿ?

ಮಾವ: ಈಗ ಯಾರೂ ಅನ್ನೂದಿಲ್ಲ, ಹಳೇ ಪುಸ್ತಕದಾಗ ಉಳದೈತಿ. ಡಿಕನ್ಸನ ‘ಎ ಟೇಲ್ ಆಫ್ ಟೂ ಸಿಟೀಸ್’ ಕಾದಂಬರಿಯೊಳಗ ಪ್ಯಾರಿಸ್ಸಿನ ಬಡವರ ಓಣಿ ಬರ್ತೈತಿ. ಅಲ್ಲಿ ರಸ್ತಾ ನಡುವ ‘ಕೆನಲ್’ ಹರೀತೈತಿ. ನಾಯಿಮನಿ ಅಂತ ತಿಳಕೊಂಡು ಓದಿದ್ರ ಆ ಸಾಲಿಗೆ ಅರ್ಥನ ಇಲ್ಲ. ಷೇಕ್ಸ್‌ಪಿಯರನ ನಾಟಕದಾಗೂ ಗಟಾರದ ಕೆನಲ್ ಒಂದು ಕಡೆ, ನಾಯಿಯ ಕೆನಲ್ ಇನ್ನೊಂದು ಕಡೆ ಬರ್ತಾವ. ಗಟಾರದ ಕೆನಲ್ ಹುಟ್ಟಿದ್ದು ಲ್ಯಾಟಿನ್ನಿನ ‘ಕನಾಲಿಸ್’ನಿಂದ. ನೀರು ಹಾಯೋ ಕೊಳವಿ, ಕಾಲುವೆ ಅಂತ ಅರ್ಥ. ಅದರ ಹಿಂದ ‘ಕನ್ನ’ ಅನ್ನೋ ಶಬ್ದ ಐತಿ. ಅಂದ್ರ ಜೊಂಡು. ನಮ್ಮ ಕಾಲುವೆ ದಂಡಿಗೆ ಬೆಳದು ನೀರು ಕಟ್ಟತೈತಲ್ಲ, ಅಂಥ ಟೊಳ್ಳು ಕಡ್ಡಿ. ಕೆನಾಲ್, ಚಾನಲ್, ಈ ಗಟಾರದ ಕೆನಲ್, ಮೂರೂ ಒಂದ ತಾಯಿ ಮಕ್ಕಳು.

ಸೊಸಿ: ನಾಯಿ ಕೆನಲ್?

ಮಾವ: ಅದರ ತಾಯಿ ಬ್ಯಾರೆ. ಲ್ಯಾಟಿನ್ನಿನಾಗ ನಾಯಿಗೆ ‘ಕಾನಿಸ್’. ಅಲ್ಲಿ ಪ್ರಾಣಿ ಹೆಸರಿಗೆ ಒಂದು ಪ್ರತ್ಯಯ ಹಚ್ಚಿದ್ರ ಆ ಪ್ರಾಣಿ ಕಟ್ಟೋ ಜಾಗ ಆಗತೈತಿ. ಕುರಿಗೆ ‘ಓವಿಸ್’, ಕುರಿಹಟ್ಟಿಗೆ ‘ಓವಿಲೆ’. ದನಕ್ಕ ‘ಬೋವಿಲೆ’, ಆಡಿಗೆ ‘ಕಪ್ರಿಲೆ’, ಕುದುರಿಗೆ ‘ಎಕ್ವಿಲೆ’. ಅದ ಸಾಲಿನಾಗ ನಾಯಿಗೆ ‘ಕನಿಲೆ’. ಫ್ರೆಂಚಿನೊಳಗ ಅದು ‘ಶನಿಲ್’ ಆಯ್ತು. ಈಗ್ಲೂ ಪ್ಯಾರಿಸ್ಸಿನಾಗ ಹಂಗ ಅಂತಾರ.

ಸೊಸಿ: ಫ್ರೆಂಚರು ‘ಶ’ ಅಂದ್ರ ಇಂಗ್ಲಿಷಿನವರು ‘ಕ’ ಯಾಕ ಅಂದ್ರು?

ಮಾವ: ಅದು ಚಲೋ ಪ್ರಶ್ನೆ. 1066ರಾಗ ಇಂಗ್ಲೆಂಡ್ ಗೆದ್ದವರು ಪ್ಯಾರಿಸ್ಸಿನವರಲ್ಲ, ಫ್ರಾನ್ಸಿನ ಉತ್ತರದ ನಾರ್ಮಂಡಿಯವರು. ಅವರ ನುಡಿಯೊಳಗ ಹಳೇ ‘ಕ’ಕಾರ ಉಳದಿತ್ತು. ಕೋಟೆಗೆ ಪ್ಯಾರಿಸ್ಸಿನವರು ‘ಶಾತೋ’ ಅಂದ್ರ ಇಂಗ್ಲಿಷಿನೊಳಗ ‘ಕ್ಯಾಸಲ್’ ಉಳೀತು. ಇದೂ ಹಂಗ. 14ನೇ ಶತಮಾನದ ಹೊತ್ತಿಗೆ ‘ಕೆನಲ್’ ಇಂಗ್ಲಿಷಿನಾಗ ಬೇರು ಬಿಟ್ಟಿತ್ತು. ಗೆದ್ದವರು ತಂದ ಶಬ್ದ ಅದು. ಅದಕ್ಕ ನಾಯಿಗೆ ‘ಹೌಂಡ್’ ಅನ್ನೋ ಇಂಗ್ಲಿಷಿನವರ ಮನಿಮಾತು ಉಳದ್ರೂ, ನಾಯಿ ಕಟ್ಟೋ ಜಾಗಕ್ಕ ಅರಸು ಮಂದಿಯ ಮಾತು ಬಂತು. ಬಡವನ ನಾಯಿ ಒಲಿ ಮುಂದ ಮಲಗತಿತ್ತು, ಅದಕ್ಕ ಬ್ಯಾರೆ ಮನಿ ಎಲ್ಲೀದು? ನೂರಾರು ಬ್ಯಾಟಿನಾಯಿ ಇಟ್ಟವನಿಗೆ ಕಟ್ಟಡ ಬೇಕು, ಆಳು ಬೇಕು, ಅಡಗಿ ಬೇಕು. ಕೆನಲ್ ಅಂದ್ರ ಮೊದಲಿಂದ ಒಂದು ನಾಯಿಯ ಡಬ್ಬಿ ಅಲ್ಲ, ನಾಯಿ ಹಿಂಡು ಇರೋ ಜಾಗ. ಆ ಹಿಂಡಿಗೂ ‘ಕೆನಲ್’ ಅಂದ್ರು. ಇವತ್ತಿಗೂ ಅಮೆರಿಕದವರು ಒಂಟಿ ನಾಯಿಯ ಗೂಡಿಗೆ ‘ಡಾಗ್‌ಹೌಸ್’ ಅಂತಾರ, ಊರಿಗೆ ಹೋಗೂವಾಗ ನಾಯಿ ಬಿಟ್ಟು ಹೋಗೋ ಜಾಗಕ್ಕ ‘ಕೆನಲ್’ ಅಂತಾರ.

ಸೊಸಿ: ಆ ಹಿಂಡಿನ ಅರ್ಥ ನಮ್ಮ ವೈದ್ಯದಾಗೂ ಉಳದೈತ್ರಿ. ‘ಕೆನಲ್ ಕಾಫ್’ ಅಂತ ಒಂದು ಕೆಮ್ಮು. ಗಂಟಲಾಗ ಎಲುಬು ಸಿಕ್ಕಂಗ ನಾಯಿ ಕೆಮ್ಮತೈತಿ. ಬೋರ್ಡೆಟೆಲ್ಲಾ ಅನ್ನೋ ಬ್ಯಾಕ್ಟೀರಿಯಾ, ಅದರ ಜೋಡಿ ಒಂದೆರಡು ವೈರಸ್. ಓಣಿಯಾಗ ಅಡ್ಡಾಡೋ ಒಂಟಿ ನಾಯಿಗೆ ಅಷ್ಟು ಬರೂದಿಲ್ಲ. ಹತ್ತು ನಾಯಿ ಒಂದ ಶೆಡ್ಡಿನಾಗ ಗಾಳಿ ಇಲ್ದ ಕೂಡಿ ಹಾಕಿದ್ರ ಒಂದರಿಂದ ಒಂದಕ್ಕ ಹಬ್ಬತೈತಿ. ಈಗ ಹೆಸರಿನ ಅರ್ಥ ತಿಳೀತು. ಅಂದಂಗ ಮಾವ, ‘ಕಾನಿಸ್’ಗೂ ನಮ್ಮ ‘ಶ್ವಾನ’ಕ್ಕೂ ಸಂಬಂಧ ಐತೇನ್ರಿ? ಪೊಲೀಸರ ಶ್ವಾನದಳ ಅಂತೀವಲ್ಲ.

ಮಾವ: ಐತಿ, ಅಕ್ಕ ತಂಗಿ ಶಬ್ದ ಅವು. ಸಂಸ್ಕೃತದ ‘ಶ್ವನ್’, ಗ್ರೀಕಿನ ‘ಕ್ಯೂಓನ್’, ಲ್ಯಾಟಿನ್ನಿನ ‘ಕಾನಿಸ್’, ಇಂಗ್ಲಿಷಿನ ‘ಹೌಂಡ್’, ಎಲ್ಲಾ ಒಂದ ಮೂಲದಿಂದ ಬಂದಾವ. ಸಂಸ್ಕೃತದಾಗ ‘ಶ’ ಇರೋ ಕಡೆ ಲ್ಯಾಟಿನ್ನಿನಾಗ ಎಷ್ಟೋ ಸಲ ‘ಕ’ ಇರ್ತೈತಿ. ‘ಶತ’ಕ್ಕ ಅವರು ‘ಕೆಂತುಮ್’ ಅಂತಾರ, ‘ದಶ’ಕ್ಕ ‘ದೆಕೆಮ್’. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದ ಬೇರಿನವು ಅಂತ 1786ರಾಗ ಕಲ್ಕತ್ತಾದೊಳಗ ವಿಲಿಯಂ ಜೋನ್ಸ್ ಹೇಳಿದ್ದು ಇಂಥ ಹೋಲಿಕಿ ನೋಡಿನ. ಆದ್ರ ‘ನಾಯಿ’ ಆ ಮನಿತನದ್ದಲ್ಲ. ಅದು ದ್ರಾವಿಡ. ತಮಿಳು, ಮಲಯಾಳ, ತುಳು ಎಲ್ಲಾ ಕಡೆ ಅದ ಶಬ್ದ. ತೆಲುಗರು ಮಾತ್ರ ‘ಕುಕ್ಕ’ ಅಂತಾರ. ಸಿಂಧನೂರಿನ ಕ್ಯಾಂಪುಗಳಾಗ ದಿನಾ ಕಿವಿಗೆ ಬೀಳತೈತಿ. ಕೆನಾಲ್ ನೀರಿನ ಬೆನ್ನಿಗೆ ಆಂಧ್ರದಿಂದ ಬಂದ ರೈತರು, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು, ಎಲ್ಲಾರೂ ಅಲ್ಲಿ ಅದಾರ. ಆ ‘ಕ್ಯಾಂಪ್’ ಅನ್ನೂದೂ ಲ್ಯಾಟಿನ್ನ. ‘ಕಾಂಪುಸ್’ ಅಂದ್ರ ಬಯಲು. ಕ್ಯಾಂಪು, ಕೆನಾಲು, ಈಗ ಕೆನಲ್. ಲ್ಯಾಟಿನ್ ಅಂದ್ರೇನು ಅಂತ ಕೇಳದವರ ಬಾಯಾಗ ಮೂರು ಲ್ಯಾಟಿನ್ ಶಬ್ದ ಆಡ್ತಾವ. ನನಗ ಇದು ಬಾಳ ಪ್ರೀತಿ ವಿಷಯ.

ಸೊಸಿ: ಅರಸರು ಬ್ಯಾಟಿನಾಯಿ ಸಾಕಿದ್ದು ಯುರೋಪಿನಾಗಷ್ಟ ಅಲ್ಲಲ್ರಿ. ನಮ್ಮಲ್ಲೂ ಇತ್ತಲ್ಲ?

ಮಾವ: ಇತ್ತು, ಬಾಳ ಹಿಂದಿನಿಂದ. ನಮ್ಮ ದೇಶದ ನಾಯಿ ಹೊರದೇಶದಾಗೂ ಹೆಸರಾಗಿದ್ವು. ಹೆರೊಡೊಟಸ್ ಅನ್ನೋ ಗ್ರೀಕ್ ಇತಿಹಾಸಕಾರ ಕ್ರಿಸ್ತಪೂರ್ವ 5ನೇ ಶತಮಾನದವ. ಅವ ಬರೀತಾನ, ಬ್ಯಾಬಿಲೋನಿನ ಪಾರಸಿ ಅಧಿಕಾರಿ ಒಬ್ಬ ಎಷ್ಟು ಭಾರತದ ನಾಯಿ ಸಾಕಿದ್ದ ಅಂದ್ರ, ನಾಕು ದೊಡ್ಡ ಹಳ್ಳಿಗೆ ಬ್ಯಾರೆ ಕಂದಾಯ ಮಾಫ್. ಆ ನಾಯಿಗಳ ಹೊಟ್ಟಿ ನೋಡಿಕೊಳ್ಳೂದ ಅವರ ಕಂದಾಯ. ನಮ್ಮ ನಾಡಿನ ಮಾತಂದ್ರ, ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರ 12ನೇ ಶತಮಾನದಾಗ ‘ಮಾನಸೋಲ್ಲಾಸ’ ಬರದ. ಅರಸನ ವಿನೋದಗಳೊಳಗ ‘ಸಾರಮೇಯ ವಿನೋದ’ ಅಂತ ನಾಯಿಗೇ ಒಂದು ಭಾಗ ಇಟ್ಟಾನ. ಇಂದ್ರನ ನಾಯಿ ಸರಮೆ, ಅದರ ಸಂತಾನ ಸಾರಮೇಯ. ಆದ್ರ ನನಗ ಅದಕ್ಕಿಂತ ದೊಡ್ಡದು ಆತಕೂರಿನ ಕಲ್ಲು.

ಸೊಸಿ: ಮಂಡ್ಯ ಜಿಲ್ಲಾದ್ದಲ್ರಿ?

ಮಾವ: ಹೌದು, ಮದ್ದೂರು ತಾಲೂಕು. 949ರಾಗ ತಕ್ಕೋಲದಾಗ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ಯುದ್ಧ ಆಯ್ತು. ಕೃಷ್ಣನ ಕಡೆ ಗಂಗರ ಬೂತುಗ. ಅವನ ಕೈಕೆಳಗ ಮಣಲೇರ ಅನ್ನೋ ವೀರ. ಚೋಳ ರಾಜಾದಿತ್ಯ ಬಿದ್ದ. ಗೆದ್ದ ಮ್ಯಾಲ, ಏನು ಬೇಕು ಕೇಳು ಅಂದ್ರ ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಅನ್ನೋ ನಾಯಿ ಕೇಳಿದ. ಮುಂದ ಒಂದು ದಿನ ಆ ಕಾಳಿನ ದೊಡ್ಡ ಕಾಡುಹಂದಿ ಮ್ಯಾಲ ಬಿಟ್ರು. ಹಂದಿ ಸತ್ತಿತು, ಕಾಳಿನೂ ಸತ್ತಿತು. ಆತಕೂರಿನ ಚಲ್ಲೇಶ್ವರ ಗುಡಿ ಮುಂದ ಕಲ್ಲು ನಿಲ್ಲಿಸಿ, ಭೂಮಿ ಬಿಟ್ರು. ನಾಯಿ ಹಂದಿ ಜಗಳಾಡೋ ಚಿತ್ರ ಆ ಕಲ್ಲಿನ ಮ್ಯಾಲ ಐತಿ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಾಗ ಐತಿ. ಯಾರು ಹೋದ್ರೂ ನೋಡಬಹುದು. ಒಂದು ಸಾಮ್ರಾಜ್ಯದ ದೊಡ್ಡ ಯುದ್ಧದ ಸುದ್ದಿ ನಮಗ ಒಂದು ನಾಯಿಯ ಕಲ್ಲಿನ ಮ್ಯಾಲ ಸಿಕ್ಕೈತಿ ನೋಡವ್ವಾ.

ಸೊಸಿ: ಕಲ್ಲಿಗೆ ಹೆಸರು ಕೆತ್ತಿಸಿ ಭೂಮಿ ಬಿಟ್ಟ ಮಂದಿ, ನಾಯಿ ಇರೋ ಮನಿಗೊಂದು ಹೆಸರಿಟ್ಟಿಲ್ಲೇನು?

ಮಾವ: ಮಂದಿಯ ಬಾಯಾಗ ಉಳದಿಲ್ಲ. ನೋಡು, ದನಕ್ಕ ಕೊಟ್ಟಿಗಿ ಅಂತೀವಿ, ದನದ ಮನಿ ಅಂತೀವಿ. ಕುರಿಗೆ ಹಟ್ಟಿ, ರೊಪ್ಪ. ಕುದುರಿ, ಆನಿಗೆ ಲಾಯ. ಕೋಳಿಗೆ ಗೂಡು. ದೊಡ್ಡಿ ಅಂತೂ ಈ ಕಡೆ ಊರಿನ ಹೆಸರ ಆಗಿಬಿಟ್ಟೈತಿ. ಲಿಂಗಸುಗೂರು, ದೇವದುರ್ಗದ ಕಡೆ ‘ದೊಡ್ಡಿ’ ಅಂತ ಮುಗಿಯೋ ಊರು ಎಷ್ಟದಾವ! ದನ ಕುರಿ ಕೂಡಿ ಹಾಕಿದ ಜಾಗದ ಸುತ್ತ ಮಂದಿ ನೆಲಿ ನಿಂತ್ರು. ಹಕ್ಕಿ ಮನಿಗೂ ಹೆಸರಿಟ್ಟ ನುಡಿ, ನಾಯಿ ಮಲಗೋ ಜಾಗಕ್ಕ ಹೆಸರಿಡಲಿಲ್ಲ. ಪುಸ್ತಕದವರು ‘ನಾಯಿಗೂಡು’ ಅಂತ ಬರೀತಾರ, ಅದು ಇಂಗ್ಲಿಷ್ ನೋಡಿ ಮಾಡಿಕೊಂಡದ್ದು.

ಸೊಸಿ: ನಾಯಿ ಕೀಳು ಅಂತ ಕಂಡ್ರು, ಅದಕ್ಕೇನ್ರಿ?

ಮಾವ: ಕೀಳು ಮಾಡಿದ್ದು ಸುಳ್ಳಲ್ಲ. ನಾಯಿ ಅಂತ ಬೈತೀವಿ, ಹೊಸಲಿ ದಾಟಿದ್ರ ಕಲ್ಲು ಒಗೀತೀವಿ. ಆದ್ರ ಕಾರಣ ಅದೊಂದ ಅಲ್ಲ. ಮಹಾಭಾರತದಾಗ ಧರ್ಮರಾಯ ಸ್ವರ್ಗದ ಬಾಗಿಲಾಗ ನಿಂತು, ನಾಯಿನ ಬಿಟ್ಟು ಒಳಗ ಬರೂದಿಲ್ಲ ಅಂದ. ದತ್ತಾತ್ರೇಯನ ಕಾಲ ಬುಡಕ ನಾಕು ನಾಯಿ. ಮೈಲಾರಲಿಂಗನ ಗೊರವರು ದೋಣಿ ಅನ್ನೋ ಬಟ್ಟಲದೊಳಗ ಹಾಕಿದ್ದನ್ನ ದೇವರ ನಾಯಿಯಾಗಿ ಬಗ್ಗಿ ತಿಂತಾರ. ಆ ಗೊರವರನ್ನ ಯಾರೂ ಕೀಳು ಅನ್ನೂದಿಲ್ಲ, ಕಾಲಿಗೆ ಬೀಳ್ತಾರ. ಮನಿ ಕಟ್ಟಲಿಲ್ಲ ಯಾಕಂದ್ರ ನಮ್ಮ ನಾಯಿ ಒಂದು ಮನಿದಲ್ಲ. ಓಣಿದು. ಹೊಲದ್ದು. ಕುರಿ ಹಿಂಡಿಂದು. ನೀನ ಹೇಳು, ಕುರುಬರ ನಾಯಿ ನೋಡಿಯಲ್ಲ?

ಸೊಸಿ: ದಿನಾ ನೋಡ್ತೀನ್ರಿ. ಭತ್ತ ಕೊಯ್ದ ಮ್ಯಾಲ ಕೆಂಗುರಿ ಹಿಂಡು ಹೊಲಕ್ಕ ಇಳೀತಾವಲ್ಲ. ನಮ್ಮ ರಾಯಚೂರು, ಕೊಪ್ಪಳದ ಕಡಿದ ತಳಿ ಅದು, ಮೈಯೆಲ್ಲ ಕೆಂಪು. ರಾತ್ರಿ ಹೊಲದಾಗ ಕುರಿ ಕೂಡ್ರಸ್ತಾರ, ಹಿಕ್ಕಿ ಗೊಬ್ಬರ ಆಗ್ಲಿ ಅಂತ. ಸುತ್ತ ಬಲಿ. ನಾಯಿ ಬಲಿ ಒಳಗ ಇರೂದಿಲ್ಲ, ಹೊರಗ ಇರ್ತೈತಿ. ತ್ವಾಳ ಬರೋ ದಿಕ್ಕಿಗೆ ಮೂಗು ಮಾಡಿ ಮಲಗತೈತಿ. ಬ್ಯಾಸಿಗಿ ಹಗಲಿನಾಗ ಕಾಲುವೆ ಏರಿ ಮ್ಯಾಲಿನ ಜಾಲಿ ಬುಡಕ ಬಂದು, ಮುಂಗಾಲಿಲೆ ಮಣ್ಣು ಕೆದರಿ ಕುಣಿ ತೋಡತೈತಿ. ಮ್ಯಾಲಿನ ಒಣ ಮಣ್ಣು ಬಿಸಿ. ಒಂದು ಗೇಣು ಕೆಳಗ ಹಸಿ ಮಣ್ಣು ತಂಪು. ಆ ತಂಪಿಗೆ ಹೊಟ್ಟಿ ಹಚ್ಚಿ, ಕಾಲು ಚಾಚಿ ಮಲಗತೈತಿ. ನೆಳ್ಳು ಸರದ್ರ ಎದ್ದು ಇನ್ನೊಂದು ಕುಣಿ. ನಾಯಿ ಮೈ ಬೆವರೂದಿಲ್ಲ ಮಾವ, ಪಾದದ ಅಡಿಗೆ ಮಾತ್ರ ಒಂದೀಟು ಬೆವರು. ಉಳದ ಬಿಸಿ ಬಹುಪಾಲು ನಾಲಿಗಿ ಚಾಚಿ ತೇಕಿ ಹೊರಗ ಹಾಕಬೇಕು. ಹೊಟ್ಟಿ ಕೆಳಗ ಕೂದಲ ಕಡಿಮಿ, ಅದಕ್ಕ ಅಲ್ಲಿಂದ ಬಿಸಿ ಜಲ್ದಿ ಇಳೀತೈತಿ. ಆ ಕುಣಿ ಸುಮ್ಮನ ತೋಡಿದ್ದಲ್ಲ.

ಮಾವ: ‘ನಾಯಿಗೆ ಕೆಲಸಿಲ್ಲ, ಕುಂದ್ರಾಕ ಹೊತ್ತಿಲ್ಲ’ ಅಂತ ಗಾದಿ ಮಾಡಿದವರು ಕುರಿ ನಾಯಿ ನೋಡಿರಲಿಕ್ಕಿಲ್ಲ. ಗ್ರೀಕರ ಪ್ಲೂಟಾರ್ಕ್ ಈಸೋಪನ ನಾಯಿ ಅಂತ ಒಂದು ಕತಿ ಹೇಳ್ಯಾನ. ಚಳಿಗಾಲದಾಗ ನಾಯಿ ಮುದುಡಿ ಉಂಡಿ ಆಗಿ, ಇಷ್ಟ ಇಷ್ಟು ಮನಿ ಕಟ್ಟಿಕೊಂಡ್ರ ಸಾಕು ಅಂದುಕೊಳ್ಳತೈತಿ. ಬ್ಯಾಸಿಗಿ ಬಂದು ಕಾಲು ಚಾಚಿದಾಗ ತನ್ನ ಉದ್ದ ನೋಡಿ, ಇಷ್ಟು ದೊಡ್ಡ ಮೈಗೆ ಮನಿ ಕಟ್ಟೂದು ಆಗದ ಮಾತು ಅಂತ ಬಿಟ್ಟುಬಿಡತೈತಿ. ಕತಿ ಸೋಮಾರಿತನದ ಮ್ಯಾಲ ಹೇಳಿದ್ದು. ನೀ ಹೇಳಿದ್ದು ಕೇಳಿದ್ರ, ಆ ನಾಯಿಗೆ ತನ್ನ ಮೈ ಚಲೋ ಗೊತ್ತಿತ್ತು ಅನಸತೈತಿ. ಥಂಡಿ ದೇಶಕ್ಕ ಮುಚ್ಚಿದ ಮನಿ ಬೇಕು. ಕೆನಲ್ ಅನ್ನೂದು ಥಂಡಿ ದೇಶದ ಶಬ್ದ.

ಸೊಸಿ: ಅಲ್ಲೇ ನನ್ನ ಸಂಕಟ ಇರೂದು. ಆ ರೈತನ ಕೆನಲ್ ನೋಡಿ ಬಂದೀನಿ. ನಾಕೂ ಕಡೆ ಕಬ್ಬಿಣ ಜಾಳಗಿ, ಮ್ಯಾಲ ತಗಡು. ಕೆಳಗ ನುಣುಪು ಟೈಲ್ಸ್, ತೊಳಿಯಾಕ ಸುಲಭ ಅಂತ. ಮಧ್ಯಾಹ್ನ ನಾ ಹೋದಾಗ ತಗಡಿಗೆ ಕೈ ಹಚ್ಚಾಕ ಆಗಲಿಲ್ಲ. ಸ್ಟೀಲ್ ಬಟ್ಟಲದಾಗಿನ ನೀರು ಬೆಚ್ಚಗಾಗಿತ್ತು. ಹಸ್ಕಿ ಮೂಲ್ಯಾಗ ನಿಂತಿತ್ತು, ಮಲಗಿರಲಿಲ್ಲ. ಅದರ ಮೈ ಮ್ಯಾಲ ಎರಡು ಪದರ ಕೂದಲ, ಸೈಬೀರಿಯಾದ ಹಿಮಕ್ಕ ಆದದ್ದು. ನಮ್ಮ ಬ್ಯಾಸಿಗಿ 40 ಡಿಗ್ರಿ ದಾಟತೈತಿ. ನಾಯಿ ಮೈ ಶಾಖ ಸಹಜವಾಗಿ 38ರಿಂದ 39 ಡಿಗ್ರಿ ಆಸುಪಾಸು. 41 ದಾಟಿದ್ರ ಜೀವಕ್ಕ ಅಪಾಯ. ಟೈಲ್ಸ್ ಮ್ಯಾಲ ಕೆದರಿ ಕೆದರಿ ಅದರ ಉಗುರು ಸವದಿದ್ವು ಮಾವ. ಕುಣಿ ತೋಡಾಕ ನೋಡೈತಿ. ಮಣ್ಣಿಲ್ಲ.

ಮಾವ: ಅವಗ ಹೇಳಿದ್ಯಾ?

ಸೊಸಿ: ಹೇಳೀನಿ. ಕೆಟ್ಟ ಮನುಷ್ಯ ಅಲ್ರಿ. ಸಾಲ ಮಾಡಿ ಹಾಕ್ಯಾನ, ಮೊಬೈಲಿನಾಗ ನೋಡಿ ಕಟ್ಟಿಸ್ಯಾನ. ತಗಡಿನ ಮ್ಯಾಲ ಭತ್ತದ ಹುಲ್ಲು ದಪ್ಪಗ ಹೊದಸು, ಅರ್ಧ ಜಾಗ ಟೈಲ್ಸ್ ಕಿತ್ತು ಮಣ್ಣು ಮಾಡು, ಬೇವಿನ ಗಿಡದ ಕಡೆ ಬಾಗಿಲು ತಗಿ, ಮುಂಜಾನಿ ಸಂಜಿ ಹೊಲದಾಗ ಓಡಾಡಿಸು ಅಂದೀನಿ. ಹುಲ್ಲು ಆ ದಿನಾನ ಹೊದಿಸಿದ. ಇನ್ನ ಹಸ್ಕಿ ಮರಿ ಮಾಡಸಬ್ಯಾಡ ಅಂದದ್ದು ಅವಗ ರುಚಿಸಿಲ್ಲ.

ಮಾವ: ಮಸ್ಕಿ ಬಂತು ನೋಡು. ಈ ಗುಡ್ಡದಾಗ 1915ರಾಗ ಬೀಡನ್ ಅನ್ನೋ ಗಣಿ ಎಂಜಿನಿಯರು ಬಂಗಾರ ಹುಡುಕ್ಕೋತ ಬಂದಾಗ ಶಾಸನ ಕಂಡ. ‘ದೇವಾನಾಂಪ್ರಿಯ’ ಅಂದ್ರ ಅಶೋಕನ ಅಂತ ಹೆಸರು ಹಿಡದು ಹೇಳಿದ ಕಲ್ಲು ಮೊದಲು ಸಿಕ್ಕಿದ್ದು ಇಲ್ಲೇ. ಮಸ್ಕಿ ಶಾಸನದಾಗ ಪ್ರಾಣಿ ಮಾತಿಲ್ಲ. ಆದ್ರ ಅದೇ ಅಶೋಕ ತನ್ನ ಎಂಟನೇ ದೊಡ್ಡ ಬಂಡೆ ಶಾಸನದಾಗ ಹೇಳ್ಯಾನ, ಹಿಂದಿನ ಅರಸರು ಬ್ಯಾಟಿ ಮುಂತಾದ ವಿಹಾರಯಾತ್ರೆ ಮಾಡತಿದ್ರು, ನಾ ಅದರ ಬದಲಿಗೆ ಧರ್ಮಯಾತ್ರೆ ಹಿಡದೆ ಅಂತ. ಎರಡನೇ ಶಾಸನದಾಗ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆ ಅಂತ ಎರಡನ್ನೂ ಜೋಡಿ ಮಾಡಿ ಹೇಳ್ಯಾನ. ನಿನ್ನ ದವಾಖಾನಿಯ ಮೊದಲ ಆದೇಶ ಅದು ಅಂತ ನಾ ತಿಳದೀನಿ.

ಸೊಸಿ: ಆ ಮಾತು ನಮ್ಮ ಆಫೀಸಿನ ಗ್ವಾಡಿ ಮ್ಯಾಲ ಬರಸ್ತೀನ್ರಿ. ಆದ್ರ ಒಂದು ಹೇಳ್ರಿ, ಈಗ ಪೇಟಿಯೊಳಗ ಕೆನಲ್ ಅಂದ್ರ ನಾಯಿ ಇರೋ ಜಾಗ ಅಂತ ಯಾರೂ ತಿಳಿಯೂದಿಲ್ಲ. ನಾಯಿ ಮಾರೋ ಅಂಗಡಿ ಅಂತ ತಿಳೀತಾರ. ಆ ಅರ್ಥ ಹೆಂಗ ಬಂತು?

ಮಾವ: ಲಂಡನ್ನಿನಾಗ 1873ರಾಗ ‘ಕೆನಲ್ ಕ್ಲಬ್’ ಶುರುವಾಯ್ತು. ನಾಯಿ ಪ್ರದರ್ಶನಕ್ಕ ನಿಯಮ, ವಂಶಾವಳಿಗೆ ದಪ್ತರ. ಯಾರ ಕೆನಲ್ಲಿನ ನಾಯಿ ಅನ್ನೂದು ನಾಯಿಯ ಮನಿತನದ ಹೆಸರು ಆಯ್ತು. ಕಟ್ಟಡದ ಹೆಸರು ಹೋಗಿ ವಂಶದ ಹೆಸರಾಯ್ತು, ಅಲ್ಲಿಂದ ಧಂದೆ ಹೆಸರಾಯ್ತು. ನಮ್ಮ ದೇಶದಾಗೂ ಚೆನ್ನೈಯೊಳಗ ‘ಕೆನಲ್ ಕ್ಲಬ್ ಆಫ್ ಇಂಡಿಯಾ’ ಐತಿ. ನಮ್ಮ ಮುಧೋಳ ನಾಯಿನ ಅವರು ‘ಕ್ಯಾರವಾನ್ ಹೌಂಡ್’ ಅಂತ ಬರಕೊಂಡಾರ. ಊರ ಹೆಸರು ಬಿಟ್ಟು ಆ ಹೆಸರು ಹಿಡದದ್ದು ನನಗ ಸರಿ ಅನಸೂದಿಲ್ಲ. ಮುಧೋಳದ ಘೋರ್ಪಡೆ ಅರಸರು ಆ ತಳಿ ಉಳಿಸಿದವರು. 2005ರಾಗ ಅಂಚೆ ಇಲಾಖೆ ಅದರ ಚಿತ್ರದ ಸ್ಟ್ಯಾಂಪ್ ತಂತು. ಮುಧೋಳ ಹತ್ರ ತಿಮ್ಮಾಪುರದಾಗ ಬೀದರ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರನೂ ಐತಿ.

ಸೊಸಿ: ಮುಧೋಳ ನಾಯಿ ಮೈ ನೋಡ್ರಿ, ತೆಳ್ಳಗ ಚರ್ಮ, ಗಿಡ್ಡ ಕೂದಲ, ಉದ್ದ ಕಾಲು. ಈ ಬಿಸಿಲಿಗೆ ಆದದ್ದು. ಹೊಲ ಕಾಯಾಕ ನಾಯಿ ಬೇಕಂದ್ರ ಹಸ್ಕಿ ಯಾಕ್ರಿ? ಮುಧೋಳಕ್ಕೂ ದುಡ್ಡಿಲ್ಲಂದ್ರ ಓಣಿ ನಾಯಿಮರಿ ಒಂದು ತಂದು, ಹುಚ್ಚುನಾಯಿ ರೋಗದ ಲಸಿಕಿ ಹಾಕಿಸಿ ಸಾಕ್ರಿ. ಎರಡು ರೊಟ್ಟಿ ಹಾಕಿದ್ರ ಅದರಂಥ ಕಾವಲು ಇಲ್ಲ.

ಮಾವ: ಲಿಂಗಸುಗೂರು ಹತ್ರ ಬಂತು. ಈ ಊರು ಛಾವಣಿ ಇದ್ದದ್ದು, ನಿಜಾಮರ ಸೀಮಿಯೊಳಗ ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿನ ದಂಡು ಇಲ್ಲಿ ಇಳಕೊಂಡಿತ್ತು. 1853ರಿಂದ 1860ರ ತನಕ ರಾಯಚೂರು ದೋಆಬೇ ಬ್ರಿಟಿಷರ ಕೈಯಾಗಿತ್ತು. 1905ರ ತನಕ ಲಿಂಗಸುಗೂರು ಜಿಲ್ಲಾನೂ ಆಗಿತ್ತು. ಆಡಳಿತ ಬಂದ ಕಡೆ ಅದರ ಶಬ್ದ ಬರ್ತಾವ. ಈಗ ಕೆನಲ್ ಬರ್ತಿರೂದು ದಂಡಿನ ಜೋಡಿ ಅಲ್ಲ, ಮೊಬೈಲಿನ ಜೋಡಿ. ನಿನ್ನ ರೈತಗ ‘ನಾಯಿಮನಿ’ ಅಂತ ಬರಿ ಅನ್ನು. ದನದ ಮನಿ ಅನ್ನಾಕತ್ತು ಎಷ್ಟು ಕಾಲ ಆಯ್ತು, ನಾಯಿಮನಿ ಅಂದ್ರ ಯಾರಿಗೂ ತಿಳಿವಳಿಕಿ ಹೇಳೂದು ಬೇಕಿಲ್ಲ. ‘ನಾಯಿ ದೊಡ್ಡಿ’ ಬ್ಯಾಡ. ದೊಡ್ಡಿ ಅಂದ್ರ ತುಡುಗು ದನ ಹಿಡದು ಕೂಡಿ ಹಾಕೂದೂ ಆಗತೈತಿ.

ಸೊಸಿ: ಆ ಕೂಡಿ ಹಾಕೋ ಮಾತು ಈಗ ಓಣಿ ನಾಯಿಗೂ ಬಂದೈತ್ರಿ. 2025ರ ಆಗಸ್ಟ್ 11ಕ್ಕ ಸುಪ್ರೀಂ ಕೋರ್ಟು ದೆಹಲಿ ಸುತ್ತಿನ ಬೀದಿ ನಾಯಿ ಎಲ್ಲಾ ಹಿಡದು ಆಶ್ರಯಕೇಂದ್ರಕ್ಕ ಹಾಕ್ರಿ ಅಂತು. 22ಕ್ಕ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನ ತಿದ್ದಿ, ಆಪರೇಶನ್ ಮಾಡಿ, ಲಸಿಕಿ ಹಾಕಿ, ಹಿಡದ ಜಾಗಕ್ಕ ಬಿಡ್ರಿ, ಹುಚ್ಚು ಹಿಡದದ್ದು, ಮೈಮ್ಯಾಲ ಬರೂದು ಮಾತ್ರ ಬಿಡಬ್ಯಾಡ್ರಿ ಅಂತು. ನವೆಂಬರ್ 7ಕ್ಕ ಸಾಲಿ, ದವಾಖಾನಿ, ಬಸ್‌ಸ್ಟ್ಯಾಂಡ್, ರೈಲ್ವೆ ಸ್ಟೇಷನ್ನಿನಾಗಿನ ನಾಯಿ ಹಿಡದು ತಿರುಗಿ ಅಲ್ಲಿಗೆ ಬಿಡಬ್ಯಾಡ್ರಿ, ಆಶ್ರಯಕ್ಕ ಒಯ್ರಿ ಅಂತ ದೇಶಕ್ಕೆಲ್ಲಾ ಆದೇಶ ಬಂತು. ಕಡಿಸಿಕೊಂಡ ಮಕ್ಕಳನ್ನ ನಾ ನೋಡೀನಿ, ಮಂದಿ ಅಂಜಿಕಿ ಸುಳ್ಳಲ್ಲ. ಆದ್ರ ಹಿಡದದ್ದನ್ನ ಎಲ್ಲಿ ಇಡೂದು? ತಾಲೂಕು ಊರಿನಾಗ ಕೆನಲ್ ಕಟ್ಟೂವರು ನೆಳ್ಳು, ನೀರು, ಗಾಳಿ, ಗಟಾರ ನಾಕೂ ಲೆಕ್ಕ ಹಾಕಿ ಕಟ್ಟಬೇಕು. ಇಲ್ಲಂದ್ರ ಅದು ರೋಗದ ಕಣಜ ಆಗತೈತಿ.

ಮಾವ: ನಿನ್ನ ರೈತಗ ಕಾಯ್ದೆ ಏನೂ ಇಲ್ಲೇನು?

ಸೊಸಿ: ಅದಾವ್ರಿ. 2017ರ ನಾಯಿ ಸಾಕಣೆ ನಿಯಮದ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯೊಳಗ ನೋಂದಣಿ ಆಗಬೇಕು. 8 ವಾರ ತುಂಬದ ಮರಿ ಮಾರಂಗಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೊಳಗ, ಯಾವಾಗ್ಲೂ ಕಟ್ಟಿ ಹಾಕಿದ, ಇಕ್ಕಟ್ಟಿನಾಗ ಕೂಡಿ ಹಾಕಿದ ನಾಯಿನ ಓಡಾಡಿಸದಿದ್ರ ಅದು ಅಪರಾಧ ಅಂತ ಐತಿ. ಬರದದ್ದು ಬಾಳ ಚಲೋ ಐತಿ. ನೋಡೂವರು ಕಡಿಮಿ. ಅದಕ್ಕ ಮರಿ ಕೊಳ್ಳೂವರಿಗೆ ನಾ ಒಂದ ಮಾತು ಹೇಳ್ತೀನಿ. ಮರಿ ಕೈಯಾಗ ತಗೊಳ್ಳೂಕಿಂತ ಮೊದಲ, ಅದರ ತಾಯಿ ಎಲ್ಲಿ ಮಲಗತೈತಿ ತೋರಸ್ರಿ ಅಂತ ಕೇಳ್ರಿ. ಒಳಗ ಹೋಗಿ, ನೆಲಕ್ಕ ಕೈ ಹಚ್ಚಿ ನೋಡ್ರಿ. ತೋರಸೂದಿಲ್ಲ ಅಂದ್ರ, ಎಷ್ಟ ಸೋವಿ ಕೊಟ್ರೂ ಆ ಮನಿ ಮರಿ ತರಬ್ಯಾಡ್ರಿ.